ಕಂಠಕ್ಕಿಂತ ಮೊದಲು ಬರಹ: ಕಬುಕಿಯಿಂದ ವಿಷುಯಲ್ ನಾವೆಲ್‌ವರೆಗೆ ಜಪಾನೀ ಪಾತ್ರನುಡಿಯ ಚರಿತ್ರೆ

ಸಾರಾಂಶ

ಜಪಾನಿನ ಅನಿಮೆ ಹಾಗೂ ವಿಷುಯಲ್ ನಾವೆಲ್‌ಗಳ ಪಾತ್ರಗಳು ಆಡುವ ಮಾತು ಆ ದೇಶದ ಯಾವ ಊರಿನ ಆಡುನುಡಿಯೂ ಅಲ್ಲ. ಆದರೂ ಅದನ್ನು ಕೇಳಿದ ಜಪಾನೀಯರು ಮಾತನಾಡಿದವರು ಮುದುಕರೋ, ಸಿರಿವಂತರ ಮನೆಯ ಹುಡುಗಿಯೋ, ಹಳ್ಳಿಗರೋ ಎಂದು ತಕ್ಷಣ ಗುರುತಿಸುತ್ತಾರೆ. ಈ ನುಡಿಭೇದಗಳು ಹತ್ತೊಂಬತ್ತನೆಯ ಶತಮಾನದ ರಂಗಭೂಮಿ ಮತ್ತು ಮುದ್ರಣದಲ್ಲಿ ರೂಪುಗೊಂಡು, ಬಾನುಲಿ ಮತ್ತು ಕಂಠದಾನದ ಮೂಲಕ ಶ್ರಾವ್ಯವಾಗಿ, ವಿಷುಯಲ್ ನಾವೆಲ್‌ನಲ್ಲಿ ಮತ್ತೆ ಬರಹದ ಹಿಡಿತಕ್ಕೆ ಬಂದ ಬಗೆಯನ್ನು ಈ ಲೇಖನದಲ್ಲಿ ನಿರೂಪಿಸುತ್ತೇವೆ. ಕಂಠ ದೊರೆತ ಮೇಲೆ ಬರಹದ ಗುರುತುಗಳು ಅನಗತ್ಯವಾಗಬೇಕಿತ್ತು. ಹಾಗಾಗಲಿಲ್ಲ ಏಕೆ ಎಂಬುದು ನಮ್ಮ ಮುಖ್ಯ ಪ್ರಶ್ನೆ. ಇಂತಹ ಸಂಭಾಷಣೆಯನ್ನು ಭಾಷಾವಿಜ್ಞಾನದ ದತ್ತಾಂಶವಾಗಿ ಬಳಸುವಾಗ ಉಂಟಾಗುವ ತೊಡಕುಗಳನ್ನೂ, ಕನ್ನಡದಲ್ಲಿ ಇಂಥ ಅಧ್ಯಯನಕ್ಕಿರುವ ಅವಕಾಶವನ್ನೂ ಕೊನೆಯಲ್ಲಿ ಚರ್ಚಿಸುತ್ತೇವೆ.

ಮುಖ್ಯ ಪದಗಳು: ಪಾತ್ರನುಡಿ, ಕಂಠದಾನ, ವಾಕ್ಯಾಂತ್ಯ ನಿಪಾತ, ಸೂಚಕತೆ, ಉಪಭಾಷೆ, ಅನಿಮೆ, ವಿಷುಯಲ್ ನಾವೆಲ್

1. ಪೀಠಿಕೆ

'ನಾನು ಇಲ್ಲೇ ಇದ್ದೇನೆ' ಎಂಬ ಸರಳ ವಾಕ್ಯವನ್ನು ಜಪಾನೀ ಭಾಷೆಯಲ್ಲಿ ಹೇಳುವ ಐದು ಬಗೆಗಳನ್ನು ಗಮನಿಸೋಣ. 'ವಾಶಿ ವಾ ಕೊಕೊ ನಿ ಒರು ಝೊ' ಎಂದರೆ ಹೇಳುವವನು ಬಿಳಿಗಡ್ಡದ ಮುದುಕ ಅಥವಾ ವಿಜ್ಞಾನಿ. 'ವತಾಶಿ ವಾ ಕೊಕೊ ನಿ ಇರು ವಾ' ಎಂದರೆ ಹೆಣ್ಣು. 'ಒರೆ ವಾ ಕೊಕೊ ನಿ ಇರು ಝೆ' ಎಂದರೆ ಒರಟು ಸ್ವಭಾವದ ಯುವಕ. 'ಒರಾ ಕೊಕೊ ಸಾ ಇರು ದಾ' ಎಂದರೆ ಹಳ್ಳಿಗ. 'ವತಾಶಿ ಕೊಕೊ ನಿ ಇರು ಆರು ಯೊ' ಎಂದರೆ ಹಾಸ್ಯಪಾತ್ರವಾದ ಚೀನೀಯ. ಐದರಲ್ಲೂ ಅರ್ಥ ಒಂದೇ. ಬದಲಾಗುವುದು ಉತ್ತಮ ಪುರುಷ ಸರ್ವನಾಮ, ಇರವನ್ನು ಸೂಚಿಸುವ ಕ್ರಿಯಾಪದ ಮತ್ತು ವಾಕ್ಯಾಂತ್ಯದ ರೂಪ, ಇಷ್ಟೇ. (ಇಲ್ಲಿನ 'ಇರು'ವಿಗೂ ಕನ್ನಡದ 'ಇರು' ಧಾತುವಿಗೂ ಇರುವ ಸಾಮ್ಯ ಆಕಸ್ಮಿಕವಾದದ್ದು, ಅದರ ಮೇಲೆ ಯಾವ ವಾದವನ್ನೂ ಕಟ್ಟಲಾಗದು.)

ಒಸಾಕಾ ವಿಶ್ವವಿದ್ಯಾಲಯದ ಭಾಷಾಚರಿತ್ರೆಯ ವಿದ್ವಾಂಸ ಕಿನ್ಸುಯಿ ಸತೋಶಿ ಅವರು ಈ ವಿದ್ಯಮಾನಕ್ಕೆ 'ಯಾಕುವಾರಿಗೊ' ಎಂದು ಹೆಸರಿಟ್ಟರು. 2003ರಲ್ಲಿ ಪ್ರಕಟವಾದ ಅವರ ಗ್ರಂಥ ಜಪಾನಿನಲ್ಲಿ ಒಂದು ಹೊಸ ಅಧ್ಯಯನ ಶಾಖೆಯನ್ನೇ ತೆರೆಯಿತು. 'ಯಾಕುವಾರಿ' ಎಂದರೆ ವಹಿಸಿಕೊಟ್ಟ ಪಾತ್ರ, 'ಗೊ' ಎಂದರೆ ನುಡಿ. ಇದನ್ನು ನಾವು 'ಪಾತ್ರನುಡಿ' ಎಂದು ಕರೆಯುತ್ತೇವೆ. ಕಿನ್ಸುಯಿ ಅವರ ವಿವರಣೆಯ ತಿರುಳು ಎರಡು ದಿಕ್ಕಿನದು: ನಿರ್ದಿಷ್ಟ ಪದಗಳು, ವ್ಯಾಕರಣ ರೂಪಗಳು ಅಥವಾ ಸ್ವರಭಾರ ಕಿವಿಗೆ ಬಿದ್ದೊಡನೆ ನಿರ್ದಿಷ್ಟ ಬಗೆಯ ವ್ಯಕ್ತಿ ಕಣ್ಣಮುಂದೆ ಬಂದರೆ, ಅಥವಾ ಅಂಥ ವ್ಯಕ್ತಿಯ ಚಿತ್ರ ಕಂಡೊಡನೆ ಆತ ಹೀಗೆಯೇ ಮಾತನಾಡಬೇಕು ಎಂದು ತೋರಿದರೆ, ಅದು ಪಾತ್ರನುಡಿ. ವ್ಯಕ್ತಿ ವಾಸ್ತವವಾಗಿ ಹಾಗೆ ಮಾತನಾಡುತ್ತಾನೆಯೇ ಎಂಬುದು ಇಲ್ಲಿ ಅಪ್ರಸ್ತುತ. ಸಾಮಾಜಿಕ ಉಪಭಾಷೆಗೂ ಪಾತ್ರನುಡಿಗೂ ಇರುವ ಅಂತರ ಇದೇ. ಉಪಭಾಷೆಗೆ ಆಡುವವರ ಸಮುದಾಯವೊಂದು ಬೇಕು. ಪಾತ್ರನುಡಿಗೆ ಅದನ್ನು ಗುರುತಿಸುವವರ ಸಮುದಾಯವೊಂದಿದ್ದರೆ ಸಾಕು.

ಅನಿಮೆಯ ಭಾಷೆಯನ್ನು ಕುರಿತ ಬರಹಗಳು ಸಾಮಾನ್ಯವಾಗಿ ಕಂಠದಾನ ಕಲಾವಿದರ ಧ್ವನಿಯಿಂದಲೇ ಆರಂಭವಾಗುತ್ತವೆ. ನಾವು ಹಿಂದಿನಿಂದ ಹೊರಡುತ್ತೇವೆ. ಆ ಧ್ವನಿಗೆ ದೊರೆತ ಮಾತುಗಳು ಧ್ವನಿಗಿಂತ ನೂರು ವರ್ಷಕ್ಕೂ ಹಿಂದಿನವು ಎಂಬುದೇ ಇದಕ್ಕೆ ಕಾರಣ.

2. ವಿದ್ವಾಂಸನ ನುಡಿ: ಸ್ಥಾನ ಕಳೆದುಕೊಂಡ ಪ್ರತಿಷ್ಠೆ

ತೆಝುಕಾ ಒಸಾಮು ಅವರ 'ಟೆತ್ಸುವಾನ್ ಆಟಮ್' ಕೃತಿಯ ಡಾಕ್ಟರ್ ಒಚಾನೊಮಿಝು, 'ಮೇಯ್‌ತಾಂತೇಯ್ ಕೊನಾನ್' ಸರಣಿಯ ಡಾಕ್ಟರ್ ಅಗಾಸಾ, 'ಪೊಕೆಮೊನ್'ನ ಪ್ರೊಫೆಸರ್ ಓಕಿದೊ ಮೂವರೂ ತಮ್ಮನ್ನು 'ವಾಶಿ' ಎಂದು ಕರೆದುಕೊಳ್ಳುತ್ತಾರೆ. 'ದಾ' ಎಂಬ ಸಾಮಾನ್ಯ ಆಖ್ಯಾತ ರೂಪದ ಬದಲು 'ಜಾ' ಬಳಸುತ್ತಾರೆ. ಜಪಾನಿನ ವಿಶ್ವವಿದ್ಯಾಲಯಗಳಲ್ಲಿ ಪ್ರಾಧ್ಯಾಪಕರು ಹೀಗೆ ಮಾತನಾಡುವುದಿಲ್ಲ. ಹಾಗಾದರೆ ಈ ನುಡಿ ಬಂದದ್ದೆಲ್ಲಿಂದ?

ಉತ್ತರ ಎದೊ ನಗರದ, ಎಂದರೆ ಇಂದಿನ ಟೋಕಿಯೊದ, ಭಾಷಾಚರಿತ್ರೆಯಲ್ಲಿದೆ. 'ಜಾ', 'ಒರು' ಮುಂತಾದವು ಪಶ್ಚಿಮ ಜಪಾನಿನ ರೂಪಗಳು; ಅವುಗಳಿಗೆ ಎದುರಾಗಿ ಪೂರ್ವದಲ್ಲಿ 'ದಾ', 'ಇರು' ಇವೆ. ತೊಕುಗಾವಾ ಆಡಳಿತದ ಆರಂಭದ ಶತಮಾನಗಳಲ್ಲಿ ಅಧಿಕಾರ ಎದೊದಲ್ಲಿದ್ದರೂ ಸಂಸ್ಕೃತಿಯ ಪ್ರತಿಷ್ಠೆ ಕ್ಯೋಟೊ–ಒಸಾಕಾ ಪ್ರದೇಶದಲ್ಲಿ, ಅಂದರೆ ಕಾಮಿಗಾತಾದಲ್ಲಿ ಉಳಿದಿತ್ತು. ಎದೊದಲ್ಲಿದ್ದ ವೈದ್ಯರು, ವಿದ್ವಾಂಸರು ಹಾಗೂ ಹಿರಿಯರ ಮಾತಿನಲ್ಲಿ ಪಶ್ಚಿಮದ ಛಾಯೆಯಿತ್ತು. ಹದಿನೆಂಟನೆಯ ಶತಮಾನದ ಉತ್ತರಾರ್ಧದಿಂದ ಎದೊದ ಪೂರ್ವಪ್ರಾಂತೀಯ ಆಡುನುಡಿ ನಗರದ ಯುವಜನರ ಮಾತಾಗಿ ಬಲಗೊಂಡಿತು. ಈ ಪಲ್ಲಟದ ಹೊತ್ತಿನಲ್ಲಿ ಒಂದೇ ನಗರದಲ್ಲಿ ಹಿರಿಯರು ಪಶ್ಚಿಮದ ರೂಪಗಳನ್ನೂ ಕಿರಿಯರು ಪೂರ್ವದ ರೂಪಗಳನ್ನೂ ಬಳಸುವ ಸ್ಥಿತಿಯಿತ್ತು. ಈ ತಲೆಮಾರಿನ ಅಂತರ ರಂಗಭೂಮಿಗೆ ಅನುಕೂಲಕರ ಸಾಧನವಾಯಿತು. ನಾಲ್ಕನೆಯ ತ್ಸುರುಯಾ ನಾನ್‌ಬೊಕು ರಚಿಸಿ 1825ರಲ್ಲಿ ಮೊದಲು ಪ್ರದರ್ಶನಗೊಂಡ ಕಬುಕಿ ನಾಟಕ 'ತೋಕಾಯ್‌ದೋ ಯೊತ್ಸುಯಾ ಕಾಯ್‌ದಾನ್'ನಲ್ಲಿ ವೃದ್ಧ ಪಾತ್ರಗಳಿಗೂ ಯುವ ಪಾತ್ರಗಳಿಗೂ ಇಂಥ ಭೇದ ಕಾಣುತ್ತದೆ.

ಅನಂತರ ನಡೆದದ್ದು ಭಾಷಾಚರಿತ್ರಕಾರರಿಗೆ ಹೆಚ್ಚು ಕುತೂಹಲದ ಸಂಗತಿ. ಎದೊದಲ್ಲಿ ಆ ಹಿರಿಯರು ತೀರಿಹೋದರು; ಅವರ ನುಡಿಯೂ ಆ ನಗರದಿಂದ ಮರೆಯಾಯಿತು. ಆದರೆ ರಂಗಭೂಮಿ, ಹಾಸ್ಯಕಥನ ಮತ್ತು 'ಕೋದಾನ್' ಎಂಬ ವೀರಕಥಾ ನಿರೂಪಣೆಯಲ್ಲಿ ಅದು 'ಮುದುಕರ ಮಾತು' ಎಂಬ ಸಂಕೇತವಾಗಿ ಉಳಿಯಿತು. 1911ರಲ್ಲಿ ಒಸಾಕಾದಲ್ಲಿ ಆರಂಭವಾದ 'ತಾಚಿಕಾವಾ ಬುಂಕೊ' ಎಂಬ ಅಗ್ಗದ ಕಥಾಮಾಲೆಯೂ, 1914ರಲ್ಲಿ ಆರಂಭವಾದ 'ಶೋನೆನ್ ಕ್ಲಬ್' ಮುಂತಾದ ಬಾಲಪತ್ರಿಕೆಗಳೂ ಈ ಸಂಕೇತವನ್ನು ಮಕ್ಕಳಿಗೆ ದಾಟಿಸಿದವು. ಅವನ್ನು ಓದಿ ಬೆಳೆದ ತಲೆಮಾರಿನವರೇ ಯುದ್ಧಾನಂತರ ಮಾಂಗಾ ಬರೆದರು. ಹೀಗೆ ಎದೊದ ವೈದ್ಯನ ಪ್ರತಿಷ್ಠಿತ ನುಡಿ ರೋಬೋಟ್ ತಯಾರಿಸುವ ವಿಜ್ಞಾನಿಯ ನುಡಿಯಾಯಿತು.

ಇಲ್ಲಿ ಒಂದು ಮಾತನ್ನು ಮರೆಯುವಂತಿಲ್ಲ. ಹಿರೊಶಿಮಾ ಮೊದಲಾದ ಪಶ್ಚಿಮದ ಪ್ರದೇಶಗಳಲ್ಲಿ 'ಜಾ' ಇಂದಿಗೂ ಜೀವಂತ ಆಡುನುಡಿಯ ರೂಪ. ಒಂದೇ ರೂಪ ಅಲ್ಲಿ ಊರನ್ನು ಸೂಚಿಸಿದರೆ, ತೆರೆಯ ಮೇಲೆ ವಯಸ್ಸನ್ನು ಸೂಚಿಸುತ್ತದೆ. ಸೂಚಕತೆ ರೂಪದಲ್ಲಿ ಅಂತರ್ಗತವಾಗಿಲ್ಲ, ಚರಿತ್ರೆ ಅದನ್ನು ರೂಪಕ್ಕೆ ಅಂಟಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ವಿರಳ.

3. ವಿದ್ಯಾರ್ಥಿನಿಯರ ನುಡಿ: ನಿಂದೆಯಿಂದ ಆದರ್ಶಕ್ಕೆ

ಸ್ತ್ರೀಪಾತ್ರಗಳ 'ದಾವಾ', 'ವಾಯೊ', 'ತೆಯೊ' ಎಂಬ ವಾಕ್ಯಾಂತ್ಯಗಳ ಕಥೆ ಇನ್ನೂ ವಿಚಿತ್ರ. ಇವನ್ನು ಪುರಾತನ ಜಪಾನೀ ಸ್ತ್ರೀಯರ ಮೃದುಭಾಷೆಯೆಂದು ಬಗೆಯುವವರು ಹಲವರು. ವಾಸ್ತವದಲ್ಲಿ ಇವು ಮೇಯ್‌ಜಿ ಯುಗದಲ್ಲಿ, 1880ರ ದಶಕದ ಹೊತ್ತಿಗೆ, ಶಾಲೆಗೆ ಹೋಗುತ್ತಿದ್ದ ಹುಡುಗಿಯರ ಹೊಸ ಫ್ಯಾಷನ್ ಮಾತಾಗಿ ಗಮನಕ್ಕೆ ಬಂದವು. ಕಾದಂಬರಿಕಾರ ಒಝಾಕಿ ಕೋಯೋ 1888ರಲ್ಲಿ ಬರೆದ ಲೇಖನವೊಂದರಲ್ಲಿ ಇವನ್ನು ಕೀಳುಮಟ್ಟದ ಮೂಲದಿಂದ ಬಂದ ಅಸಭ್ಯ ಬಳಕೆಯೆಂದು ಖಂಡಿಸಿ, ಹೆಣ್ಣುಮಕ್ಕಳು ಅದನ್ನು ಬಿಡಬೇಕೆಂದು ಎಚ್ಚರಿಸಿದರು.

ಖಂಡಿಸಿದ ಲೇಖಕವರ್ಗವೇ ಅದನ್ನು ಕಾದಂಬರಿಗಳಲ್ಲಿ ಬಳಸಿತು. ಬರಹವನ್ನು ಆಡುನುಡಿಗೆ ಹತ್ತಿರ ತರುವ 'ಗೆಂಬುನ್ ಇಚ್ಚಿ' ಚಳವಳಿಯ ಕಾಲವದು. ಆಧುನಿಕ ಯುವತಿಯನ್ನು ಮಾತನಾಡಿಸಲು ಲೇಖಕರಿಗೆ ಹೊಸ ಭಾಷೆ ಬೇಕಿತ್ತು; ಪಾಶ್ಚಾತ್ಯ ಕಾದಂಬರಿಗಳ ನಾಯಕಿಯರಿಗೆ ಜಪಾನೀ ಮಾತು ಕೊಡಬೇಕಾದ ಅನುವಾದಕರಿಗೂ ಅದೇ ಅಗತ್ಯವಿತ್ತು. ಬೀದಿಯಲ್ಲಿ ಕಿವಿಗೆ ಬಿದ್ದ ವಿದ್ಯಾರ್ಥಿನಿಯರ ಮಾತು ಈ ಅಗತ್ಯವನ್ನು ಪೂರೈಸಿತು. ಮಿಯಾಕೊ ಇನೋವೆ ಅವರು 2006ರ ಗ್ರಂಥದಲ್ಲಿ ತೋರಿಸಿರುವಂತೆ, 'ಸ್ತ್ರೀಭಾಷೆ' ಎಂಬುದು ಗಂಡಸರು ಕೇಳಿಸಿಕೊಂಡು, ಉದ್ಧರಿಸಿ, ಬರೆದು ರೂಪಿಸಿದ ವಸ್ತು. ನಕಾಮುರಾ ಮೊಮೊಕೊ ಅವರ ಅಧ್ಯಯನಗಳೂ ಇದೇ ದಿಕ್ಕಿನಲ್ಲಿ ಸಾಗುತ್ತವೆ. 1899ರ ಬಾಲಿಕಾ ಪ್ರೌಢಶಾಲಾ ಆದೇಶದ ಅನಂತರ ವಿದ್ಯಾವಂತ ಹುಡುಗಿಯರ ಸಂಖ್ಯೆ ಬೆಳೆಯಿತು. 1908ರಲ್ಲಿ ಆರಂಭವಾದ 'ಶೋಜೊ ನೊ ತೊಮೊ'ದಂತಹ ಪತ್ರಿಕೆಗಳಲ್ಲಿ ಈ ಹುಡುಗಿಯರು ಕಥೆಯ ನಾಯಕಿಯರ ಮಾತನ್ನು ಓದಿದರು. ಅರ್ಧ ಶತಮಾನದೊಳಗೆ ನಿಂದನೆಗೆ ಗುರಿಯಾಗಿದ್ದ ರೂಪಗಳು ಸುಸಂಸ್ಕೃತ ಸ್ತ್ರೀಯ ಗುರುತಾಗಿಬಿಟ್ಟವು.

ಇಪ್ಪತ್ತನೆಯ ಶತಮಾನದ ಕೊನೆಗೆ ಚಕ್ರ ಮತ್ತೊಮ್ಮೆ ತಿರುಗಿತು. ಶಿಗೆಕೊ ಒಕಾಮೊತೊ ಮತ್ತಿತರರು 1990ರ ದಶಕದಲ್ಲಿ ನಡೆಸಿದ ಅಧ್ಯಯನಗಳು ಟೋಕಿಯೊದ ಯುವತಿಯರು ಈ ಸ್ತ್ರೀಸೂಚಕ ವಾಕ್ಯಾಂತ್ಯಗಳನ್ನು ಅಷ್ಟಾಗಿ ಬಳಸುವುದಿಲ್ಲವೆಂದು ತೋರಿಸಿದವು. ಬೀದಿಯಲ್ಲಿ ಕ್ಷೀಣಿಸುತ್ತಿದ್ದ ರೂಪಗಳು ಅದೇ ದಶಕದಲ್ಲಿ ಅನಿಮೆಯಲ್ಲೂ ಅನುವಾದಿತ ಸಂಭಾಷಣೆಯಲ್ಲೂ ಹುಲುಸಾಗಿದ್ದವು.

4. ಅಂಚಿನವರ ನುಡಿ

ವಿದ್ವಾಂಸ ಮತ್ತು ಯುವತಿಯ ಪಾತ್ರನುಡಿಗಳು ನಿರಪಾಯಕರವೆಂದು ತೋರಬಹುದು. ಉಳಿದೆರಡು ಹಾಗಲ್ಲ.

ಮೊದಲನೆಯದು ಹಳ್ಳಿಗನ ನುಡಿ. 1902ರಲ್ಲಿ ಸ್ಥಾಪಿತವಾದ ರಾಷ್ಟ್ರಭಾಷಾ ಪರಿಶೀಲನಾ ಸಮಿತಿಯ ಕಾಲದಿಂದ ಟೋಕಿಯೊದ ವಿದ್ಯಾವಂತರ ಮಾತು ಪ್ರಮಾಣಭಾಷೆಯ ತಳಹದಿಯಾಯಿತು. ಶಾಲೆಗಳು ಉಪಭಾಷೆಗಳನ್ನು ತಿದ್ದಬೇಕಾದ ದೋಷಗಳೆಂದು ಕಂಡವು. ಒಕಿನಾವಾದಲ್ಲಿ ತಮ್ಮ ನುಡಿಯಾಡಿದ ಮಕ್ಕಳ ಕೊರಳಿಗೆ ಹಲಗೆ ತೂಗುಹಾಕುತ್ತಿದ್ದ ಶಿಕ್ಷೆ ಇದರ ಕಟುರೂಪ. ಈಶಾನ್ಯದ ತೋಹೊಕು ಪ್ರದೇಶದ ಮಾತು ಈ ಶ್ರೇಣಿಯಲ್ಲಿ ಕೆಳಗೆ ಬಿತ್ತು. ಅದರಿಂದ 'ಒರಾ', 'ದಾ' ಮುಂತಾದ ಕೆಲವು ಅಂಶಗಳನ್ನು ಹೆಕ್ಕಿ ಕಟ್ಟಿದ ಕೃತಕ ನುಡಿ ಕಥೆಗಳಲ್ಲಿ ಯಾವುದೇ ಹಳ್ಳಿಗನ ಮಾತಾಯಿತು. 'ಗಾನ್ ವಿತ್ ದಿ ವಿಂಡ್' ಕಾದಂಬರಿಯ ಜಪಾನೀ ಅನುವಾದದಲ್ಲಿ ಅಮೆರಿಕದ ಕಪ್ಪು ಗುಲಾಮರು ಈ ತೋಹೊಕು ಛಾಯೆಯ ನುಡಿಯನ್ನಾಡುತ್ತಾರೆ. ಮಿಯೆ ಹಿರಮೊತೊ 2009ರಲ್ಲಿ ಪ್ರಕಟಿಸಿದ ಅಧ್ಯಯನ ಈ ಆಯ್ಕೆಯ ಹಿಂದಿನ ಸಮೀಕರಣವನ್ನು ಬಯಲಿಗೆಳೆಯಿತು: ಒಂದು ಸಮಾಜದ ಕೆಳಸ್ತರಕ್ಕೆ ಮತ್ತೊಂದು ಸಮಾಜದ ಕೆಳಸ್ತರದ ಮಾತನ್ನು ಕೊಡುವಾಗ ಇಬ್ಬರ ಕೀಳರಿಮೆಯೂ ಸಹಜವೆಂಬಂತೆ ಪುನರ್ಲೇಪನಗೊಳ್ಳುತ್ತದೆ. 1986ರಿಂದ ಪ್ರಸಾರವಾದ 'ಡ್ರ್ಯಾಗನ್ ಬಾಲ್'ನ ಗೊಕು ತನ್ನನ್ನು 'ಒರಾ' ಎಂದು ಕರೆದುಕೊಂಡಾಗ ಅಲ್ಲಿ ತಿರಸ್ಕಾರವಿಲ್ಲ, ಕಾಡಿನಲ್ಲಿ ಬೆಳೆದವನ ಮುಗ್ಧತೆಯಿದೆ. ಆದರೆ ಆ ಮುಗ್ಧತೆಯೂ 'ನಗರದ ವಿದ್ಯೆ ಇಲ್ಲದವನು' ಎಂಬ ಹಳೆಯ ಗ್ರಹಿಕೆಯಿಂದಲೇ ಹುಟ್ಟಿದ್ದು.

ಎರಡನೆಯದು 'ಆರು' ನುಡಿ. 'ಆರು' ಎಂಬುದು ಇರವಿನ ಕ್ರಿಯಾಪದ. ಮೇಯ್‌ಜಿ ಕಾಲದ ಯೊಕೊಹಾಮಾ ಬಂದರಿನಲ್ಲಿ ಪಾಶ್ಚಾತ್ಯರು, ಚೀನೀಯರು, ಜಪಾನೀಯರು ವ್ಯವಹಾರಕ್ಕೆ ಬಳಸಿದ ಪಿಜಿನ್‌ನಲ್ಲಿ ಅದರ ರೂಪಗಳು ಎಲ್ಲ ಬಗೆಯ ಆಖ್ಯಾತಗಳಿಗೂ ಒದಗುತ್ತಿದ್ದವು. 'ಯೊಕೊಹಾಮಾ ಉಪಭಾಷೆಯ ಅಭ್ಯಾಸಗಳು' ಎಂಬ ಅರ್ಥದ ಶೀರ್ಷಿಕೆಯಿಂದ 1879ರಲ್ಲಿ ಪರಿಷ್ಕೃತವಾಗಿ ಬಂದ ಇಂಗ್ಲಿಷ್ ವಿನೋದ ಪುಸ್ತಿಕೆ ಈ ಪಿಜಿನ್‌ನ ದಾಖಲೆಯನ್ನು ಉಳಿಸಿದೆ. ಚೀನೀಯರ ಬಗೆಯನ್ನು ಅದು ಪ್ರತ್ಯೇಕವಾಗಿಯೇ ತೋರಿಸುತ್ತದೆ. ಕಿನ್ಸುಯಿ 2014ರ ಗ್ರಂಥದಲ್ಲಿ ಈ ಎಳೆಯನ್ನು ಹಿಂಬಾಲಿಸಿದ್ದಾರೆ. ಬಹುಜನರ ಸಂಪರ್ಕಭಾಷೆಯಾಗಿದ್ದದ್ದು ಕಾಲಕ್ರಮದಲ್ಲಿ ಚೀನೀಯರೊಬ್ಬರದೇ 'ತಪ್ಪು ಜಪಾನೀ' ಆಗಿ, ಸಾಮ್ರಾಜ್ಯಶಾಹಿ ಯುದ್ಧಗಳ ಕಾಲದಲ್ಲಿ ಅಪಹಾಸ್ಯದ ಬಣ್ಣ ಪಡೆಯಿತು. 'ಗಿನ್‌ತಾಮಾ'ದ ಕಗುರಾ ಎಂಬ ಹುಡುಗಿ ಚೀನೀಯಳಲ್ಲ, ಬೇರೊಂದು ಗ್ರಹದವಳು. ಆದರೂ ಆಕೆಯ ಚೀನೀ ಉಡುಗೆಯ ಜೊತೆಗೆ 'ಆರು' ತಾನಾಗಿ ಬರುತ್ತದೆ. ಬಂದರಿನ ಕೂಲಿಗಳ ಮತ್ತು ವ್ಯಾಪಾರಿಗಳ ನೆನಪು ಅಳಿದಿದೆ, ಗುರುತು ಉಳಿದಿದೆ.

5. ಕಂಠದ ಪ್ರವೇಶ

ಬರಹದ ಈ ಪಾತ್ರನುಡಿಗಳಿಗೆ ಕಂಠ ಬಂದದ್ದು ಹಂತ ಹಂತವಾಗಿ. ಮೂಕಿ ಚಿತ್ರಗಳ ಕಾಲದಲ್ಲಿ 'ಬೆನ್‌ಶಿ' ಎಂಬ ನಿರೂಪಕ ಪರದೆಯ ಪಕ್ಕದಲ್ಲಿ ನಿಂತು ಗಂಡು, ಹೆಣ್ಣು, ಮುದುಕ ಎಲ್ಲರ ಮಾತನ್ನೂ ತಾನೇ ಆಡುತ್ತಿದ್ದ. ಒಬ್ಬನೇ ಹಲವರಾಗಬೇಕಾದಲ್ಲಿ ವಾಕ್ಯಾಂತ್ಯದ ಭೇದ ಬಹು ಉಪಯುಕ್ತ. 1925ರ ಮಾರ್ಚ್‌ನಲ್ಲಿ ಟೋಕಿಯೊದಿಂದ ಬಾನುಲಿ ಪ್ರಸಾರ ಆರಂಭವಾಯಿತು. ಅದೇ ವರ್ಷ ಒಸಾನಾಯ್ ಕಾವೊರು ಅವರ ನೇತೃತ್ವದಲ್ಲಿ ಪ್ರಸಾರವಾದ 'ತಾಂಕೋ ನೊ ನಾಕಾ' ಜಪಾನಿನ ಬಾನುಲಿ ನಾಟಕದ ಆರಂಭದ ಮೈಲಿಗಲ್ಲು. ಇದು ರಿಚರ್ಡ್ ಹ್ಯೂಸ್ ಬ್ರಿಟಿಷ್ ಬಾನುಲಿಗಾಗಿ ಬರೆದ ನಾಟಕದ ಅನುವಾದ. ಕತ್ತಲಾದ ಗಣಿಯೊಳಗೆ ಸಿಕ್ಕಿಬಿದ್ದವರ ಕಥೆಯಾದ್ದರಿಂದ ಪಾತ್ರಗಳಿಗೂ ಶ್ರೋತೃವಿಗೂ ಕಾಣುವುದು ಏನೂ ಇಲ್ಲ. ಯಾರು ಯಾರೆಂಬುದು ಮಾತಿನಿಂದಲೇ ತಿಳಿಯಬೇಕು. 1941ರಲ್ಲಿ ಜಪಾನ್ ಪ್ರಸಾರ ಸಂಸ್ಥೆ ಬಾನುಲಿಗೆಂದೇ ನಟರನ್ನು ತರಬೇತುಗೊಳಿಸಿತು. 'ಸೇಯೂ', ಅಂದರೆ ಧ್ವನಿನಟ, ಎಂಬ ವೃತ್ತಿ ರೂಪುಗೊಂಡದ್ದು ಈ ಪರಿಸರದಲ್ಲಿ.

1953ರಲ್ಲಿ ದೂರದರ್ಶನ ಪ್ರಸಾರ ಆರಂಭವಾದ ಬಳಿಕ ದೇಶೀಯ ಕಾರ್ಯಕ್ರಮಗಳ ಕೊರತೆ ತೀವ್ರವಾಗಿತ್ತು. ಚಲನಚಿತ್ರ ಸಂಸ್ಥೆಗಳು ತಮ್ಮ ಚಿತ್ರಗಳನ್ನು ಕೊಡಲು ಹಿಂಜರಿದವು. ಅಮೆರಿಕದ ಸರಣಿಗಳಿಗೆ ಜಪಾನೀ ಕಂಠದಾನ ಮಾಡಿ ಪ್ರಸಾರ ಮಾಡುವುದು 1950ರ ದಶಕದ ಉತ್ತರಾರ್ಧದಿಂದ ದಿನಚರಿಯಾಯಿತು. ಕಂಠದಾನಿಗಳಲ್ಲಿ ಹಲವರು ಆಧುನಿಕ ರಂಗಭೂಮಿಯಿಂದ ಬಂದವರು. ಕೌಬಾಯ್‌ಗೆ 'ಒರೆ... ಝೆ', ಅಮೆರಿಕನ್ ಗೃಹಿಣಿಗೆ 'ವತಾಶಿ... ವಾ' ಎಂಬ ಮೇಯ್‌ಜಿ ಅನುವಾದದ ಪರಂಪರೆಯೇ ಈಗ ಕಿವಿಗೆ ಕೇಳತೊಡಗಿತು. 1963ರ ಜನವರಿ 1ರಂದು 'ಟೆತ್ಸುವಾನ್ ಆಟಮ್' ಅನಿಮೆ ಪ್ರಸಾರ ಆರಂಭವಾದಾಗ ಶಿಮಿಝು ಮಾರಿ ಆಟಮ್‌ಗೂ ಕತ್ಸುತಾ ಹಿಸಾಶಿ ಡಾಕ್ಟರ್ ಒಚಾನೊಮಿಝುಗೂ ಕಂಠ ಕೊಟ್ಟರು. ಎದೊದ ವೃದ್ಧ ವೈದ್ಯನ 'ಜಾ' ಹೀಗೆ ಮನೆಮನೆಯ ಕೋಣೆಗೆ ಬಂದಿತು.

ಕಂಠ ಬಂದುದರಿಂದ ಭಾಷಿಕವಾಗಿ ಏನು ಬದಲಾಯಿತು? ಎರಡು ಸಂಗತಿಗಳನ್ನು ಗುರುತಿಸಬಹುದು. ಒಂದು, ಬರಹದಲ್ಲಿ ಸಂದಿಗ್ಧವಾಗಿದ್ದದ್ದು ನಿರ್ಧಾರಗೊಂಡಿತು. 'ವಾ' ಎಂಬ ನಿಪಾತ ಏರುಸ್ವರದಲ್ಲಿದ್ದರೆ ಸ್ತ್ರೀಸೂಚಕ; ಇಳಿಸ್ವರದಲ್ಲಿದ್ದರೆ ಗಂಡಸರೂ, ವಿಶೇಷವಾಗಿ ಒಸಾಕಾ ಸುತ್ತಲಿನವರು, ಧಾರಾಳವಾಗಿ ಬಳಸುವ ರೂಪ. ಕಾಗದದ ಮೇಲೆ ಇವೆರಡೂ ಒಂದೇ ಅಕ್ಷರ. ಕಂಠ ಈ ಭೇದವನ್ನು ಸ್ಥಿರಗೊಳಿಸಿತು. ಧ್ವನಿಗುಣವನ್ನೂ ಪಾತ್ರಕ್ಕೆ ಬಿಗಿಯಿತು. ಮಿಹೊಕೊ ತೆಶಿಗಾವಾರಾ ಅವರ 2003ರ ಡಾಕ್ಟರೇಟ್ ಪ್ರಬಂಧ ನಾಯಕರ ಮತ್ತು ಖಳರ ಧ್ವನಿಗಳಲ್ಲಿ ಗಂಟಲಕುಳಿಯ ಬಿಗಿತದಂತಹ ಉಚ್ಚಾರಣಾ ಭೇದಗಳನ್ನು ಪರಿಶೀಲಿಸಿತು. ರೆಬೆಕಾ ಸ್ಟಾರ್ 2015ರಲ್ಲಿ 'ಸಿಹಿಧ್ವನಿ' ಎಂಬ ಸ್ತ್ರೀಶೈಲಿಯನ್ನು ವಿಶ್ಲೇಷಿಸಿದರು.

ಇನ್ನೊಂದು, ಸರ್ವನಾಮಕ್ಕೂ ಆಡುವ ದೇಹಕ್ಕೂ ಇದ್ದ ನಂಟು ಕಡಿಯಿತು. ಬೆಳೆಯುವ ಹುಡುಗನ ಧ್ವನಿ ಒಡೆಯುತ್ತದೆ. ವರ್ಷಗಟ್ಟಲೆ ನಡೆಯುವ ಸರಣಿಗೆ ಅದು ಒದಗದು. ಹೀಗಾಗಿ ಬಾಲಕರ ಪಾತ್ರಗಳಿಗೆ ಮಹಿಳೆಯರು ಕಂಠ ಕೊಡುವುದು ವಾಡಿಕೆಯಾಯಿತು. ನೊಝಾವಾ ಮಸಾಕೊ ಗೊಕುವಿನ ಬಾಲ್ಯಕ್ಕೂ ಪ್ರೌಢ ವಯಸ್ಸಿಗೂ ಕಂಠ ಕೊಟ್ಟವರು. ಮಹಿಳೆಯ ಕಂಠದಿಂದ 'ಒರಾ' ಕೇಳಿದರೂ ಶ್ರೋತೃ ಹುಡುಗನನ್ನೇ ಕಾಣುತ್ತಾನೆ. ಲಿಂಗದ ಗುರುತನ್ನು ಹೊರುವ ಹೊಣೆಯ ದೊಡ್ಡ ಪಾಲನ್ನು ಇಲ್ಲಿ ವ್ಯಾಕರಣವೇ ಹೊರುತ್ತದೆ.

6. ವಿಷುಯಲ್ ನಾವೆಲ್: ಬರಹದ ಮರುಪ್ರವೇಶ

ಈವರೆಗಿನ ಚರಿತ್ರೆ ಬರಹದಿಂದ ಕಂಠದೆಡೆಗೆ ನೇರವಾಗಿ ಸಾಗಿದಂತೆ ತೋರುತ್ತದೆ. 1990ರ ದಶಕದಲ್ಲಿ ಈ ಹಾದಿ ಹಿಂದಿರುಗಿತು. ಚುನ್‌ಸಾಫ್ಟ್ ಸಂಸ್ಥೆ 1992ರಲ್ಲಿ ಸೂಪರ್ ಫ್ಯಾಮಿಕಾಮ್ ಯಂತ್ರಕ್ಕೆ 'ಒತೊಗಿರಿಸೋ' ಎಂಬ ಕೃತಿಯನ್ನು ಹೊರತಂದಿತು. 1994ರಲ್ಲಿ 'ಕಮಾಯ್‌ತಾಚಿ ನೊ ಯೊರು' ಬಂದಿತು. ಇವುಗಳಲ್ಲಿ ಚಿತ್ರ ಮತ್ತು ಸಂಗೀತದ ಮೇಲೆ ಪರದೆ ತುಂಬ ಅಕ್ಷರಗಳು ಮೂಡುತ್ತವೆ. ಓದುಗರು ಆಗಾಗ ಆಯ್ಕೆ ಮಾಡುತ್ತ ಕಥೆಯನ್ನು ಮುನ್ನಡೆಸುತ್ತಾರೆ. 1996ರಲ್ಲಿ ಲೀಫ್ ಸಂಸ್ಥೆ 'ಶಿಝುಕು' ಕೃತಿಯೊಂದಿಗೆ ಆರಂಭಿಸಿದ ಮಾಲೆಗೆ 'ವಿಷುಯಲ್ ನಾವೆಲ್' ಎಂಬ ಹೆಸರಿತ್ತು. ಅದೇ ಪ್ರಕಾರದ ಹೆಸರಾಯಿತು. ಕಾರ್ಟ್ರಿಜ್‌ಗಳಲ್ಲಿ ಗಂಟೆಗಟ್ಟಲೆ ಧ್ವನಿಯನ್ನು ತುಂಬಲು ಸ್ಥಳವಿರಲಿಲ್ಲ. ಸಿ.ಡಿ. ಬಂದ ಬಳಿಕ ಧ್ವನಿ ಸಾಧ್ಯವಾಯಿತು: 1994ರ 'ತೊಕಿಮೆಕಿ ಮೆಮೊರಿಯಲ್' ಇದಕ್ಕೆ ಪ್ರಸಿದ್ಧ ಉದಾಹರಣೆ. ಆದರೂ ಕಂಪ್ಯೂಟರ್‌ಗಾಗಿ ಬಂದ ಅನೇಕ ವಿಷುಯಲ್ ನಾವೆಲ್‌ಗಳು ಮುಂದೆಯೂ ಮೂಕವಾಗಿಯೇ ಉಳಿದವು.

ಪರದೆ ತುಂಬ ಪಠ್ಯವಿರುವ ಕೃತಿಗಳಲ್ಲಿ ಪ್ರತಿ ಮಾತಿಗೂ ಆಡಿದವರ ಹೆಸರಿರುವುದಿಲ್ಲ. ಧ್ವನಿಯೂ ಇಲ್ಲ, ಹೆಸರೂ ಇಲ್ಲ ಎಂದಾಗ ಯಾರ ಮಾತೆಂದು ತಿಳಿಸುವ ಹೊಣೆ ಸರ್ವನಾಮಕ್ಕೂ ವಾಕ್ಯಾಂತ್ಯಕ್ಕೂ ಬೀಳುತ್ತದೆ. ಬೆನ್‌ಶಿಗೆ ಇದ್ದ ಅಗತ್ಯವೇ ಇಲ್ಲಿ ಬೇರೆ ವೇಷದಲ್ಲಿ ಮರಳಿದೆ. ಹೀಗೆ ಪಾತ್ರನುಡಿ ಸಾಮಾಜಿಕ ವರ್ಗವನ್ನು ಸೂಚಿಸುವುದರಿಂದ ಒಬ್ಬ ವ್ಯಕ್ತಿಯನ್ನೇ ಸೂಚಿಸುವ ಕಡೆಗೆ ಜರುಗಿತು. ಇದಕ್ಕೆ ಪೂರ್ವನಿದರ್ಶನ ಮಾಂಗಾದಲ್ಲಿತ್ತು. 'ಉರುಸೆಯ್ ಯಾತ್ಸುರಾ'ದ ಲಮ್ ಆಡುವ 'ದಾಚ್ಚಾ' ಕೇಳಿದರೆ ಬೇರಾರೂ ನೆನಪಾಗುವುದಿಲ್ಲ. ಸದಾನೊಬು ತೊಶಿಯುಕಿ ಇಂತಹ ವಾಕ್ಯಾಂತ್ಯ ರೂಪಗಳನ್ನು 'ಕ್ಯಾರಾ ನಿಪಾತ' ಎಂಬ ವರ್ಗದಲ್ಲಿ ಚರ್ಚಿಸಿದ್ದಾರೆ. ಕೀ ಸಂಸ್ಥೆಯ 1999ರ 'ಕನೊನ್'ನಲ್ಲಿ ತ್ಸುಕಿಮಿಯಾ ಆಯು ಎಂಬ ಹುಡುಗಿ ಗಂಡುಸೂಚಕ ಸರ್ವನಾಮ 'ಬೊಕು'ವನ್ನು ಬಳಸುತ್ತಾಳೆ. ಪೇಚಿಗೆ ಸಿಲುಕಿದಾಗ 'ಉಗೂ' ಎನ್ನುತ್ತಾಳೆ. ಮೊದಲ ಆವೃತ್ತಿಯಲ್ಲಿ ಇವೆಲ್ಲ ಅಕ್ಷರಗಳಷ್ಟೇ. 2000ದ ಡ್ರೀಮ್‌ಕಾಸ್ಟ್ ಆವೃತ್ತಿಯಲ್ಲಿ ಹೊರಿಯೆ ಯುಯ್ ಅವುಗಳಿಗೆ ಕಂಠ ಕೊಡಬೇಕಾಯಿತು. ಯಾರೂ ಆಡದಿದ್ದ ಉದ್ಗಾರಕ್ಕೆ ಉಚ್ಚಾರವನ್ನು ಕಂಡುಹಿಡಿಯುವ ಕೆಲಸವದು.

ಟೈಪ್-ಮೂನ್ ಸಂಸ್ಥೆಯ 'ಫೇಟ್/ಸ್ಟೇ ನೈಟ್' ಈ ಕ್ರಮವನ್ನು ಇನ್ನೂ ಸ್ಪಷ್ಟಗೊಳಿಸುತ್ತದೆ. 2004ರ ಮೂಲ ಕೃತಿ ಮೂಕ. 2006ರ ದೂರದರ್ಶನ ಅನಿಮೆಯಲ್ಲಿ ಪಾತ್ರಗಳಿಗೆ ಕಂಠ ಬಂದಿತು. 2007ರ ಪ್ಲೇಸ್ಟೇಷನ್ 2 ಆವೃತ್ತಿಯಲ್ಲಿ ಆ ಕಂಠಗಳು ಪಠ್ಯಕ್ಕೆ ಮರಳಿದವು. ಇದರ ಸ್ತ್ರೀಪಾತ್ರಗಳ ಮಾತನ್ನು ಹೋಲಿಸಿದರೆ ತೋಹ್‌ಸಾಕಾ ರಿನ್‌ಗೆ 'ವಾಯೊ' ಮುಂತಾದ ವಾಕ್ಯಾಂತ್ಯಗಳೂ, ಮಾತೋ ಸಕುರಾಗೆ ನಯದ 'ದೆಸು–ಮಸು' ರೂಪಗಳೂ, ಸೇಬರ್‌ಗೆ ಬಿಗುವಿನ ಗೌರವಭಾಷೆಯೂ ಹಂಚಿಕೆಯಾಗಿವೆ. ಧ್ವನಿಯಿಲ್ಲದ ಪಠ್ಯದಲ್ಲಿ ಮೂವರನ್ನು ಬೇರ್ಪಡಿಸಲು ಇದು ಸಾಕಾಗಿತ್ತು. ಮೂರು ವರ್ಷದ ಬಳಿಕ ಮೂರು ಭಿನ್ನ ಕಂಠಗಳು ಬಂದವು. ಹಾಗಿದ್ದೂ ವಾಕ್ಯಾಂತ್ಯದ ಹಂಚಿಕೆ ಅನಗತ್ಯವಾಗಲಿಲ್ಲ. 2009ರ 'ಸ್ಟೈನ್ಸ್;ಗೇಟ್' ಮೊದಲಿನಿಂದಲೂ ಕಂಠಸಹಿತವಾದ ಕೃತಿ; ಅದರಲ್ಲಿಯೂ ಫೇರಿಸ್ ಎಂಬ ಪಾತ್ರ ಬೆಕ್ಕಿನ ಮಾತೆಂಬಂತೆ 'ನ್ಯಾ' ಸೇರಿಸುತ್ತಾಳೆ, ನಾಯಕ ಒಕಾಬೆ ತನ್ನ ಅಂಜಿಕೆಯನ್ನು ಮುಚ್ಚಲು ಹುಚ್ಚು ವಿಜ್ಞಾನಿಯ ಆಡಂಬರದ ನುಡಿಯನ್ನು ತೊಡುತ್ತಾನೆ, ನಿಜವಾದ ದುಃಖ ಬಂದಾಗ ಆ ನುಡಿ ಕಳಚಿಬೀಳುತ್ತದೆ.

ಕಂಠ ಬಂದರೂ ಬರಹದ ಗುರುತುಗಳು ಏಕೆ ಸವೆಯಲಿಲ್ಲ? ನಾವು ಮೂರು ಕಾರಣಗಳನ್ನು ಮುಂದಿಡುತ್ತೇವೆ.

ಮೊದಲನೆಯದು ಧ್ವನಿಮುದ್ರಣದ ಕ್ರಮ. ಅನಿಮೆಯಲ್ಲಿ ಕಲಾವಿದರು ಒಂದೇ ಸ್ಟುಡಿಯೋದಲ್ಲಿ ಒಟ್ಟಾಗಿ ನಿಂತು, ಚಿತ್ರ ನೋಡುತ್ತ, ಪರಸ್ಪರರ ಮಾತಿಗೆ ಓಗೊಡುವುದು ಬಹುಕಾಲದ ರೂಢಿ. ಆಟದ ಧ್ವನಿಮುದ್ರಣದಲ್ಲಿ ಪ್ರತಿಯೊಬ್ಬ ಕಲಾವಿದರೂ ಸಾಮಾನ್ಯವಾಗಿ ಒಬ್ಬರೇ ತಮ್ಮ ಪಾಲಿನ ಮಾತುಗಳನ್ನು ಓದುತ್ತಾರೆ. ಎದುರಾಳಿಯ ಧ್ವನಿ ಕೇಳುವುದಿಲ್ಲ. ನಾಯಕನ ಪಾತ್ರಕ್ಕೆ ಅನೇಕ ವೇಳೆ ಕಂಠವೇ ಇರುವುದಿಲ್ಲ. ಸನ್ನಿವೇಶದ ಆಸರೆ ಇಲ್ಲದ ಓದಿನಲ್ಲಿ ಪಾತ್ರದ ಸ್ವಭಾವವನ್ನು ನಟರಿಗೆ ನೆನಪಿಸುವುದು ವಾಕ್ಯದೊಳಗಿನ ಗುರುತುಗಳೇ.

ಎರಡನೆಯದು ಲಿಪಿಯ ಪಾತ್ರ. 'ಬೊಕು' ಎಂಬುದನ್ನು ಕಾಂಜಿ, ಹಿರಾಗಾನಾ, ಕಾತಾಕಾನಾ ಮೂರರಲ್ಲೂ ಬರೆಯಬಹುದು. ಪ್ರತಿಯೊಂದೂ ಬೇರೆ ಬೇರೆ ವ್ಯಕ್ತಿತ್ವವನ್ನು ಸೂಚಿಸುತ್ತದೆ. ಆಯು ಬಳಸುವುದು ಕಾತಾಕಾನಾ ರೂಪ. ಯಾವ ಕಂಠವೂ ಈ ಭೇದವನ್ನು ಉಚ್ಚರಿಸಲಾರದು. ಕಂಠದ ಏರಿಳಿತವನ್ನು ಲಿಪಿ ಹಿಡಿಯಲಾರದು. ಒಂದೇ ಮಾತನ್ನು ಏಕಕಾಲಕ್ಕೆ ಓದಿ ಕೇಳುವ ಈ ಪ್ರಕಾರದಲ್ಲಿ ಎರಡೂ ಪರಸ್ಪರ ಪೂರಕವಾಗಿವೆ.

ಮೂರನೆಯದು ಓದಿನ ವೇಗ. ಕಣ್ಣು ಕಂಠಕ್ಕಿಂತ ಮುಂದೆ ಓಡುತ್ತದೆ. ಓದುಗ ಗುಂಡಿ ಒತ್ತಿ ಮುಂದುವರಿದರೆ ಅನೇಕ ಕೃತಿಗಳಲ್ಲಿ ಧ್ವನಿ ಅರ್ಧಕ್ಕೇ ತುಂಡಾಗುತ್ತದೆ. ಜಪಾನೀ ಭಾಷೆ, ಕನ್ನಡದಂತೆಯೇ, ಕ್ರಿಯಾಪದವನ್ನು ಕೊನೆಗೆ ಇರಿಸುವ ಭಾಷೆ. ಪಾತ್ರನುಡಿಯ ಮುಖ್ಯ ಗುರುತುಗಳು ಅದಕ್ಕೂ ಆಚೆಗೆ, ವಾಕ್ಯದ ತುದಿಯಲ್ಲಿರುತ್ತವೆ. ತುಂಡಾಗಿ ಹೋಗುವ ಭಾಗವೇ ಅದು. ಆದ್ದರಿಂದ ಅವಸರದ ಓದುಗ ಸರ್ವನಾಮವನ್ನು ಕಿವಿಯಿಂದಲೂ ವಾಕ್ಯಾಂತ್ಯವನ್ನು ಕಣ್ಣಿನಿಂದಲೂ ಗ್ರಹಿಸುತ್ತಾನೆ. ಇದು ತರ್ಕದಿಂದ ನಾವು ಕಟ್ಟಿದ ಊಹೆ. ನೇತ್ರಚಲನೆಯ ಪ್ರಯೋಗಗಳಿಂದ ಇದನ್ನು ಪರೀಕ್ಷಿಸಲು ಸಾಧ್ಯವಿದೆ.

7. ದತ್ತಾಂಶವೋ, ಚರಿತ್ರೆಯೋ?

ಅನಿಮೆಯ ಸಂಭಾಷಣೆ ಅಂತರ್ಜಾಲದಲ್ಲಿ ಹೇರಳವಾಗಿ ದೊರೆಯುತ್ತದೆ. ಶುದ್ಧ ಧ್ವನಿ, ಜೊತೆಗೆ ಪಠ್ಯ. ಸಂಶೋಧನಾರ್ಥಿಗಳಿಗೆ ಇದಕ್ಕಿಂತ ಅನುಕೂಲವಾದ ದತ್ತಾಂಶವಿಲ್ಲವೆಂದು ತೋರುವುದು ಸಹಜ. ಆದರೆ ಇಂತಹ ಸಂಗ್ರಹದಲ್ಲಿ 'ವಾ' ನಿಪಾತದ ಆವರ್ತನವನ್ನು ಎಣಿಸಿ ಜಪಾನೀ ಸ್ತ್ರೀಯರ ಮಾತಿನ ಬಗ್ಗೆ ತೀರ್ಮಾನಕ್ಕೆ ಬರುವುದು, ಕಬುಕಿ ನಾಟಕಗಳನ್ನು ಎಣಿಸಿ ಇಂದಿನ ಪ್ರಾಧ್ಯಾಪಕರ ಮಾತನ್ನು ವಿವರಿಸಿದಂತೆ. ಎಣಿಕೆ ಸರಿಯಾಗಿರಬಹುದು, ಎಣಿಸಿದ ವಸ್ತು ಬೇರೆ.

ಭಾಷಾ ಬೋಧನೆಯಲ್ಲಿ ಈ ಅರಿವು ಮೂಡಿದೆ. ಜಪಾನ್ ಫೌಂಡೇಶನ್‌ನ ಕಾನ್ಸಾಯ್ ಕೇಂದ್ರ 2010ರಲ್ಲಿ ಅನಿಮೆ ಮತ್ತು ಮಾಂಗಾದ ಜಪಾನೀ ಭಾಷೆಯನ್ನು ಕಲಿಸುವ ಜಾಲತಾಣವನ್ನು ತೆರೆದಾಗ ಅದರ ವಿಂಗಡಣೆ ಪಾತ್ರಪ್ರಕಾರಗಳ ಮೇಲೆಯೇ ನಿಂತಿತ್ತು: ಹುಡುಗ, ಹುಡುಗಿ, ಸಮುರಾಯ್, ಮುದುಕ ಇತ್ಯಾದಿ. ಅನಿಮೆ ನೋಡಿ ಜಪಾನೀ ಕಲಿಯುವವರಿಗೆ, ಅವರಲ್ಲಿ ಬೆಂಗಳೂರಿನ ವಿದ್ಯಾರ್ಥಿಗಳೂ ಸೇರಿದ್ದಾರೆ, ಇದು ಮುಖ್ಯವಾದ ಎಚ್ಚರಿಕೆ. ಹಿರಿಯ ಸಹೋದ್ಯೋಗಿಯ ಎದುರು 'ಒರೆ' ಎನ್ನುವ ಕಲಿಕೆಗಾರನ ವ್ಯಾಕರಣ ತಪ್ಪಿಲ್ಲ. ಆತ ತಾನರಿಯದೆ ಒಂದು ಪಾತ್ರವನ್ನು ತೊಟ್ಟಿದ್ದಾನೆ.

ಇಷ್ಟಾಗಿಯೂ ಪಾತ್ರನುಡಿಯನ್ನು 'ಸುಳ್ಳು ಭಾಷೆ' ಎಂದು ಬದಿಗಿಡಲು ನಾವು ಸಿದ್ಧರಿಲ್ಲ. ವಿದ್ಯಾರ್ಥಿನಿಯರ ನುಡಿ ಬರಹಕ್ಕೆ ಹೋಗಿ, ಬರಹದಿಂದ ಮತ್ತೆ ಮಾತಿಗೆ ಬಂದದ್ದನ್ನು ಕಂಡಿದ್ದೇವೆ. ಕಲ್ಪಿತ ನುಡಿಯೂ ಆಡುವವರನ್ನು ಗಳಿಸಬಲ್ಲದು. ಅದು ಆಡುನುಡಿಯ ಕನ್ನಡಿಯಲ್ಲ ಎಂದರೆ ಆಡುನುಡಿಯ ಚರಿತ್ರೆಗೆ ಹೊರಗಿನದು ಎಂದಲ್ಲ.

8. ಉಪಸಂಹಾರ: ಕನ್ನಡದ ಕಡೆಗೊಂದು ನೋಟ

ಕನ್ನಡದಲ್ಲಿ 'ವಾಶಿ', 'ಒರೆ', 'ಬೊಕು', 'ವತಾಶಿ' ಎಲ್ಲವೂ 'ನಾನು' ಆಗಿಬಿಡುತ್ತವೆ. ಉತ್ತರ ಕರ್ನಾಟಕದ 'ನಾ' ಅಥವಾ ಗೌರವದ 'ನಾವು' ಸೇರಿಸಿದರೂ ಆ ವೈವಿಧ್ಯ ಬಾರದು. ಆದರೆ ಕನ್ನಡದ ವಾಕ್ಯಾಂತ್ಯ ಬರಿದಾಗಿಲ್ಲ. 'ಕಣೋ', 'ಕಣೇ', 'ಕಣ್ರೀ' ರೂಪಗಳನ್ನು ನೋಡಿ. ಜಪಾನೀ ವಾಕ್ಯಾಂತ್ಯ ಮಾತನಾಡುವವರ ಲಿಂಗವನ್ನು ಸೂಚಿಸಿದರೆ, ಕನ್ನಡದ ಈ ರೂಪಗಳು ಕೇಳುವವರ ಲಿಂಗವನ್ನೂ ಅವರೊಡನೆ ಇರುವ ಸಲಿಗೆಯನ್ನೂ ಸೂಚಿಸುತ್ತವೆ. 'ಬರ್ತೀನಿ ಕಣೇ' ಎಂದವರು ಗಂಡೋ ಹೆಣ್ಣೋ ತಿಳಿಯದು. ಕೇಳಿದವಳು ಆಪ್ತ ಹೆಣ್ಣೆಂಬುದು ಖಚಿತ. ಜಪಾನೀ ಪಾತ್ರ ತನ್ನನ್ನು ತಾನು ಚಿತ್ರಿಸಿಕೊಂಡರೆ ಕನ್ನಡದ ಪಾತ್ರ ಎದುರಿನವರನ್ನು ಚಿತ್ರಿಸುತ್ತದೆ. ಪಾತ್ರನುಡಿಯ ಸಿದ್ಧಾಂತ ಈವರೆಗೆ ಆಡುವವರನ್ನೇ ಕೇಂದ್ರವಾಗಿಸಿಕೊಂಡಿದೆ. ಕನ್ನಡದ ಸಾಮಗ್ರಿ ಅದನ್ನು ವಿಸ್ತರಿಸಬಲ್ಲದು.

ಕನ್ನಡಕ್ಕೂ ತನ್ನದೇ ಪಾತ್ರನುಡಿಗಳಿವೆ. ಕೈಲಾಸಂ ನಾಟಕಗಳ ಇಂಗ್ಲಿಷ್ ಮಿಶ್ರಿತ ಮಧ್ಯಮವರ್ಗದ ಮಾತಾಗಲಿ, ಚಲನಚಿತ್ರಗಳಲ್ಲಿ ನಗೆಪಾತ್ರಗಳಿಗೆ ಮೀಸಲಾದ ಮಂಗಳೂರು ಅಥವಾ ಧಾರವಾಡದ ಕನ್ನಡವಾಗಲಿ, ಎಲ್ಲವೂ ಬಿಡಿ ಲಕ್ಷಣಗಳನ್ನು ಹೆಕ್ಕಿ ಕಟ್ಟಿದವು. ಒಂದು ಭೇದ ಮಾತ್ರ ಗಮನಾರ್ಹ. ಜಪಾನಿನಲ್ಲಿ 1950ರ ದಶಕದಿಂದಲೇ ಕಂಠದಾನ ಪಾತ್ರನುಡಿಯನ್ನು ಗಟ್ಟಿಗೊಳಿಸಿತು. ಕನ್ನಡದಲ್ಲಿ 1960ರ ದಶಕದಿಂದ ಸುಮಾರು ಐದು ದಶಕಗಳ ಕಾಲ ಪರಭಾಷಾ ಚಿತ್ರಗಳ ಡಬ್ಬಿಂಗ್‌ಗೆ ಅನಧಿಕೃತ ತಡೆಯಿತ್ತು. 2009ರಲ್ಲಿ ಆರಂಭವಾದ ಚಿಂಟು ಟಿವಿ ಮಕ್ಕಳಿಗೆ ಡಬ್ ಆದ ಕಾರ್ಯಕ್ರಮಗಳನ್ನು ಕನ್ನಡದಲ್ಲಿ ಕೊಟ್ಟಿತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಡಬ್ಬಿಂಗ್ ತಡೆಯ ವಿರುದ್ಧ ಆದೇಶ ನೀಡಿದ ಬಳಿಕ ದಾರಿ ಇನ್ನಷ್ಟು ತೆರೆಯಿತು. ಹೀಗಾಗಿ ಜಪಾನಿನಲ್ಲಿ ನಾವು ಹಳೆಯ ಕಡತಗಳಿಂದ ಪುನರ್ರಚಿಸಬೇಕಾದ ಪ್ರಕ್ರಿಯೆ ಕನ್ನಡದಲ್ಲಿ ಈಗ ಕಣ್ಣೆದುರೇ ನಡೆಯುತ್ತಿದೆ. ವಿದೇಶೀ ವಿಜ್ಞಾನಿಗೆ ಯಾವ ಕನ್ನಡ, ಮನೆಗೆಲಸದವಳಿಗೆ ಯಾವ ಕನ್ನಡ, ದಡ್ಡನಿಗೆ ಯಾವ ಊರಿನ ಕನ್ನಡ ಎಂಬುದನ್ನು ಇಂದು ಧ್ವನಿಮುದ್ರಣದ ಕೋಣೆಗಳಲ್ಲಿ ಕುಳಿತವರು ತೀರ್ಮಾನಿಸುತ್ತಿದ್ದಾರೆ.

ತೋಹೊಕುವಿನ ರೈತರನ್ನಾಗಲಿ ಯೊಕೊಹಾಮಾದ ಚೀನೀ ವ್ಯಾಪಾರಿಗಳನ್ನಾಗಲಿ ಯಾರೂ ಕೇಳಿರಲಿಲ್ಲ. ಒಮ್ಮೆ ರೂಢಿಯಾದ ಮೇಲೆ ಆ ಗುರುತನ್ನು ಕಳಚಲು ಒಂದು ಶತಮಾನವೂ ಸಾಲಲಿಲ್ಲ. ನಮ್ಮಲ್ಲಿ ಈ ಆಯ್ಕೆಗಳು ಇನ್ನೂ ಹಸಿಯಾಗಿರುವಾಗಲೇ ಅವುಗಳನ್ನು ದಾಖಲಿಸುವುದು, ಡಬ್ಬಿಂಗ್ ಬರಹಗಾರರ ಹಾಗೂ ಕಂಠದಾನ ಕಲಾವಿದರ ಹೇಳಿಕೆಗಳನ್ನು ಸಂಗ್ರಹಿಸುವುದು, ಕರಡು ಮತ್ತು ಅಂತಿಮ ಪಠ್ಯಗಳನ್ನು ಹೋಲಿಸುವುದು ಕನ್ನಡ ಭಾಷಾವಿಜ್ಞಾನದ ಮುಂದಿರುವ ಕೆಲಸ. ಅದನ್ನು ಕೈಗೆತ್ತಿಕೊಳ್ಳುವ ಸಂಶೋಧನಾರ್ಥಿಗಳಿಗೆ ಜಪಾನಿನ ಈ ಚರಿತ್ರೆ ಮಾದರಿಯೂ ಆಗಬಹುದು, ಎಚ್ಚರಿಕೆಯೂ ಆಗಬಹುದು.